ಬೆಕ್ಕು ನಡೆದರೆ ‘ಟಿಕ್ ಟಿಕ್’ ಸದ್ದು ಬರ್ತಿದೆಯಾ? ಬಾಚುವಾಗಲೇ ಉಗುರು ನೋಡಿ

ಪ್ರತಿ ವಾರ ಅಡಿಕೆ, ಕಾಳುಮೆಣಸು, ತರಕಾರಿ, ಗೊಬ್ಬರ ಅಂತ ಬರೆಯುವ ನಾನು ಈ ವಾರ ಬೆಕ್ಕಿನ ಉಗುರಿನ ಬಗ್ಗೆ ಬರೆಯುತ್ತಿದ್ದೇನೆ. “ಕೃಷಿಗೂ ಬೆಕ್ಕಿನ ಉಗುರಿಗೂ ಏನು ಸಂಬಂಧ ಮಾರಾಯ್ರೇ” ಅಂತ ಕೇಳಬಹುದು. ಸಂಬಂಧ ಇದೆ. ನಮ್ಮಲ್ಲಿ ಇಲಿ ಪಾಷಾಣ ಇಡುವುದಿಲ್ಲ. ವಿಷ ತಿಂದ ಇಲಿಯನ್ನು ಬೆಕ್ಕು, ಗೂಬೆ ತಿಂದರೆ ಅವಕ್ಕೂ ಅಪಾಯ. ಹಾಗಾಗಿ ಭತ್ತದ ಕೋಣೆ, ಬೀಜದ ಡಬ್ಬಿ, ಅಡಿಕೆ ಮೂಟೆ ಎಲ್ಲದರ ಕಾವಲು ಬೆಕ್ಕಿನದ್ದೇ. ಬೆಕ್ಕಿನ ಕಸುಬಿಗೆ ಇರುವ ಆಯುಧ ಎರಡೇ, ಹಲ್ಲು ಮತ್ತು ಉಗುರು. ಕತ್ತಿ ಮೊಂಡಾದರೆ ಮಸೆಯುತ್ತೇವೆ, ಹಸುವಿನ ಗೊರಸು ಬೆಳೆದರೆ ಕತ್ತರಿಸುತ್ತೇವೆ. ಬೆಕ್ಕಿನ ಉಗುರನ್ನು ಮಾತ್ರ ನಮ್ಮಲ್ಲಿ ಎಷ್ಟು ಜನ ಹಿಡಿದು ನೋಡಿದ್ದೇವೆ?

ನಾನಂತೂ ನೋಡಿರಲಿಲ್ಲ. ಅದರ ಫಲ ಏನಾಯಿತು ಅಂತ ಮೊದಲು ಹೇಳಿಬಿಡ್ತೀನಿ.

ಚುಕ್ಕಿಗೆ ಆದದ್ದು

ನಾನು ಮೂಡಿಗೆರೆಯಲ್ಲಿ ತೋಟಗಾರಿಕೆ ಪದವಿ ಮುಗಿಸಿ ಊರಿಗೆ ಮರಳಿದ ವರ್ಷವೇ ನಮ್ಮ ಮನೆಗೆ ಬಂದ ಮರಿ ಚುಕ್ಕಿ. ಈಗ ಅದಕ್ಕೆ ಹದಿಮೂರು ವರ್ಷ. ಕಳೆದ ಮಳೆಗಾಲದಲ್ಲಿ ರಾತ್ರಿ ಹೊತ್ತು ಜಗಲಿಯ ಕೆಂಪು ಗಾರೆ ನೆಲದ ಮೇಲೆ ‘ಟಿಕ್ ಟಿಕ್’ ಅಂತ ಸಣ್ಣ ಸದ್ದು ಕೇಳ್ತಿತ್ತು. ಎದ್ದು ನೋಡಿದರೆ ಚುಕ್ಕಿ ನಡೆದು ಹೋಗ್ತಿದೆ. ಓಹ್ ಬೆಕ್ಕಾ ಅಂತ ಮತ್ತೆ ಮಲಗ್ತಿದ್ದೆ. ಬೆಕ್ಕಿನ ಹೆಜ್ಜೆಗೆ ಸದ್ದೇ ಇರಬಾರದು ಅನ್ನೋದು ಆಗ ತಲೆಗೆ ಹೊಳೆಯಲಿಲ್ಲ.

ಕೆಲವು ವಾರ ಕಳೆದ ಮೇಲೆ ಬಲ ಮುಂಗಾಲು ಎತ್ತಿಕೊಂಡು ನಡೆಯೋಕೆ ಶುರು ಮಾಡಿತು. ಅಮ್ಮ, “ಮುಳ್ಳು ಚುಚ್ಚಿರ್ಬೇಕು ಬಿಡೋ, ತಾನೇ ನೆಕ್ಕಿ ತೆಗೀತದೆ” ಅಂದರು. ನಾನು ಟಾರ್ಚ್ ಹಿಡಿದು ಅಂಗಾಲಿನ ಮೆತ್ತೆ ನೋಡಿದೆ, ಮುಳ್ಳು ಕಾಣಲಿಲ್ಲ. ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ ಬೇರೆ ಇತ್ತು, ಅಲ್ಲಿಗೇ ಬಿಟ್ಟೆ. ಚುಕ್ಕಿ ಅಟ್ಟ ಹತ್ತುವುದು ನಿಲ್ಲಿಸಿತು. ಬೀಜಕ್ಕೆ ಇಟ್ಟಿದ್ದ ಸೌತೆ, ಹೀರೆ ಬೀಜದ ಪೊಟ್ಟಣಗಳನ್ನ ಇಲಿ ಕಡಿದು ಹಾಕಿದ ಮೇಲೂ ನನಗೆ ಬುದ್ಧಿ ಬರಲಿಲ್ಲ. ವಯಸ್ಸಾಯ್ತು, ಬೇಟೆ ಬಿಡ್ತು ಅಂದುಕೊಂಡೆ.

ಆಮೇಲೆ ಒಂದು ದಿನ ಚಿಗಟ ಬಂದಿದೆ ಅಂತ ತೊಡೆ ಮೇಲೆ ಕೂರಿಸಿಕೊಂಡು ಬಾಚಣಿಗೆಯಲ್ಲಿ ಬಾಚ್ತಿದ್ದೆ. ಮುಂಗಾಲಿನ ಹತ್ತಿರ ಕೆಟ್ಟ ವಾಸನೆ. ಕೂದಲು ಸರಿಸಿ ನೋಡಿದರೆ, ಒಳಮಗ್ಗುಲಲ್ಲಿ ಮೇಲಕ್ಕೆ ಇರುವ ಹೆಬ್ಬೆರಳಿನ ಉಗುರು ಬಳೆಯ ಹಾಗೆ ಸುತ್ತಿಕೊಂಡು ತನ್ನದೇ ಬೆರಳಿನ ಮೆತ್ತೆಯೊಳಗೆ ಹೊಕ್ಕಿದೆ! ಸುತ್ತ ಕೀವು. ಎಷ್ಟು ದಿನದಿಂದ ಆ ನೋವು ತಿಂದಿತ್ತೋ. ಒಂದು ದಿನವೂ ಕೂಗಲಿಲ್ಲ.

ಇಷ್ಟರಲ್ಲೇ ಇನ್ನೊಂದು ದೊಡ್ಡ ಅನಾಹುತ ಆಗಬೇಕಿತ್ತು. ನೋವಿಗೆ ಅಂತ ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ ಅರ್ಧ ಮುರಿದು ಪುಡಿ ಮಾಡಿ ಹಾಲಿಗೆ ಹಾಕಿದ್ದೆ. ಬಟ್ಟಲು ಕೈಯಲ್ಲಿ ಹಿಡಿದೇ ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ: “ಮಾತ್ರೆ ಏನಾದ್ರೂ ಕೊಟ್ರಾ?” ಈಗ ಕೊಡ್ತಿದ್ದೀನಿ ಡಾಕ್ಟ್ರೇ ಅಂದೆ. “ಮೊದ್ಲು ಆ ಹಾಲು ಚೆಲ್ಲಿ. ಉಗುರಿಂದ ಬೆಕ್ಕು ಸಾಯಲ್ಲ, ಆ ಮಾತ್ರೆಯಿಂದ ಸಾಯತ್ತೆ” ಅಂದರು. ಕೈ ನಡುಗಿತು. ಈ ಲೇಖನ ಬರೆಯೋದಕ್ಕೆ ಆ ಬಟ್ಟಲು ಹಾಲೇ ಮುಖ್ಯ ಕಾರಣ.

ಬೆಕ್ಕಿನ ಉಗುರು ಹೇಗೆ ಕೆಲಸ ಮಾಡುತ್ತೆ?

ಸಾಮಾನ್ಯವಾಗಿ ಬೆಕ್ಕಿಗೆ ಒಟ್ಟು 18 ಉಗುರು. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ಹುಟ್ಟಿನಿಂದಲೇ ಹೆಚ್ಚು ಬೆರಳಿರುವ ಬೆಕ್ಕುಗಳೂ ಇವೆ. ಮುಂಗಾಲಿನ ಐದನೆಯದ್ದು ಹೆಬ್ಬೆರಳು. ಅದು ನೆಲಕ್ಕೆ ತಾಗದೆ ಒಳಮಗ್ಗುಲಲ್ಲಿ ಮೇಲೆ ಇರುತ್ತೆ. ನೆಲಕ್ಕೆ ತಾಗದ ಕಾರಣ ಸವೆಯುವುದೂ ಕಡಿಮೆ, ನಮ್ಮ ಕಣ್ಣಿಗೆ ಬೀಳುವುದೂ ಕಡಿಮೆ. ಚುಕ್ಕಿಗೆ ತೊಂದರೆಯಾದದ್ದು ಇದೇ ಉಗುರಿನಿಂದ.

ಉಗುರು ಬೆಳೆಯುವುದು ಬೆರಳಿನ ತುದಿಯ ಮೂಳೆಯ ಮೇಲೆ. ಮೂಳೆಗೆ ಹತ್ತಿರದ ಭಾಗದಲ್ಲಿ ರಕ್ತನಾಳ, ನರ ಎರಡೂ ಇರುತ್ತವೆ. ಬಿಳಿ ಉಗುರಿನಲ್ಲಿ ಅದು ಗುಲಾಬಿ ಬಣ್ಣಕ್ಕೆ ಕಾಣಿಸುತ್ತೆ. ಅದನ್ನು ‘ಜೀವದ ಭಾಗ’ ಅಂತ ಕರೆಯೋಣ. ಅದರಾಚೆಯ ಪಾರದರ್ಶಕ ಕೊಕ್ಕೆಗೆ ಜೀವ ಇಲ್ಲ. ಅದು ನಮ್ಮ ಉಗುರಿನ ತುದಿಯ ಹಾಗೆ, ಕತ್ತರಿಸಿದರೆ ನೋವಾಗುವುದಿಲ್ಲ.

ಬೆಕ್ಕು ಆರಾಮವಾಗಿ ಇದ್ದಾಗ ಉಗುರು ಒಳಗೆ ಮಡಚಿಕೊಂಡಿರುತ್ತೆ. ಹತ್ತುವಾಗ, ಹಿಡಿಯುವಾಗ ಸ್ನಾಯು ಎಳೆದು ಹೊರಗೆ ಬರುತ್ತೆ. ಅದಕ್ಕೇ ಆರೋಗ್ಯದ ಬೆಕ್ಕು ಗಾರೆ ನೆಲದ ಮೇಲೆ ನಡೆದರೂ ಸದ್ದಿಲ್ಲ.

ಉಗುರು ಬೆಳೆಯುವುದು ಈರುಳ್ಳಿಯ ಸಿಪ್ಪೆಯ ಹಾಗೆ, ಪದರ ಪದರವಾಗಿ. ಹೊರಗಿನ ಹಳೇ ಪದರ ಕಳಚಿದರೆ ಒಳಗಿನ ಚೂಪಾದ ಹೊಸದು ಹೊರಗೆ ಬರುತ್ತೆ. ಕಂಬ, ಮರ, ಗೋಣಿಚೀಲ ಪರಚುವುದು ಬೆಕ್ಕಿನ ತುಂಟತನ ಅಲ್ಲ. ಮುಂಗಾಲಿನ ಹಳೇ ಪದರ ಕಳಚುವ ಕೆಲಸ ಅದು. ಹಿಂಗಾಲಿನದ್ದನ್ನ ಹಲ್ಲಿನಿಂದ ಕಚ್ಚಿ ಕಳಚುತ್ತೆ.

ವಯಸ್ಸಾದ ಬೆಕ್ಕಿಗೆ ಕೀಲು ನೋವು ಬರುತ್ತೆ. ಮೈ ಚಾಚಿ ಪರಚುವುದು ಕಡಿಮೆಯಾಗುತ್ತೆ, ಬಗ್ಗಿ ಹಿಂಗಾಲು ಕಚ್ಚಲಿಕ್ಕೂ ಆಗುವುದಿಲ್ಲ. ಹಳೇ ಪದರ ಕಳಚದೆ ಒಂದರ ಮೇಲೊಂದು ಕೂತು ಉಗುರು ದಪ್ಪವಾಗುತ್ತೆ, ಉದ್ದವಾಗುತ್ತೆ, ಪೂರ್ತಿ ಒಳಗೆ ಹೋಗುವುದಿಲ್ಲ. ಆಗ ಬರುವುದೇ ಆ ‘ಟಿಕ್ ಟಿಕ್’. ಬೆಕ್ಕಿನ ಉಗುರು ಬಾಗಿದ್ದು ತಾನೇ? ಬೆಳೆಯುತ್ತಾ ಹೋದರೆ ಸುತ್ತು ಹೊಡೆದು ಮೆತ್ತೆಗೇ ಬಂದು ಚುಚ್ಚುತ್ತೆ.

ಬಾಚುವಾಗ ನೋಡುವ ಕ್ರಮ

ಬೆಕ್ಕಿನ ಕಾಲು ಹಿಡಿಯೋಣ ಅಂತ ಹೊರಟರೆ ಅದು ಓಡಿ ಹೋಗುತ್ತೆ. ಬಾಚುವುದು ಅಂದ್ರೆ ಮಾತ್ರ ತೊಡೆ ಮೇಲೆ ಬಂದು ಕೂರುತ್ತೆ. ಹಾಗಾಗಿ ಎರಡನ್ನೂ ಸೇರಿಸಿಬಿಡಿ. ಎಳೆಯ ಬೆಕ್ಕಿಗೆ ತಿಂಗಳಿಗೊಮ್ಮೆ, ಹತ್ತು ವರ್ಷ ದಾಟಿದ್ದಕ್ಕೆ ಹದಿನೈದು ದಿನಕ್ಕೊಮ್ಮೆ ನೋಡಿದರೆ ಸಾಕು. ಊಟ ಮಾಡಿ ತೂಕಡಿಸುವ ಮಧ್ಯಾಹ್ನದ ಹೊತ್ತು ಒಳ್ಳೆಯದು.

1. ಮೊದಲು ದೂರದಿಂದ ನೋಡಿ. ಕುಂಟುತ್ತಾ? ಹಾರಬೇಕಾದ ಕಡೆ ಹಿಂಜರಿಯುತ್ತಾ? ಒಂದೇ ಪಾದವನ್ನ ಮತ್ತೆ ಮತ್ತೆ ನೆಕ್ಕುತ್ತಾ? ಗೋಣಿಗೆ, ಹೊದಿಕೆಗೆ ಉಗುರು ಸಿಕ್ಕಿ ಎಳೆದಾಡುತ್ತಾ?

2. ತಲೆ, ಕುತ್ತಿಗೆ, ಬೆನ್ನು ಬಾಚಿ. ಮೈ ಸಡಿಲ ಬಿಟ್ಟ ಮೇಲೆ ಭುಜದಿಂದ ಕೆಳಗೆ ಕೈ ಜಾರಿಸಿ ಪಾದಕ್ಕೆ ಬನ್ನಿ. ಎರಡು ಕಾಲಿನ ಬಿಸಿ ಹೋಲಿಸಿ. ಒಂದು ಹೆಚ್ಚು ಬಿಸಿ ಇದ್ದರೆ, ಊದಿದ್ದರೆ ಅಲ್ಲೇ ಏನೋ ಇದೆ.

3. ಬೆರಳಿನ ಮೇಲೆ ನಿಮ್ಮ ಹೆಬ್ಬೆರಳು, ಕೆಳಗೆ ಮೆತ್ತೆಗೆ ತೋರುಬೆರಳು ಇಟ್ಟು ಮೆಲ್ಲಗೆ ಒತ್ತಿ. ಉಗುರು ತಾನಾಗಿ ಹೊರಗೆ ಬರುತ್ತೆ. ಜೋರಾಗಿ ಹಿಂಡುವುದು ಬೇಡ.

4. ಪ್ರತಿ ಉಗುರಿನಲ್ಲೂ ಮೂರು ಜಾಗ ನೋಡಿ. ತುದಿ ಸೀಳಿದೆಯಾ, ಮುರಿದಿದೆಯಾ, ಸುತ್ತಿಕೊಂಡಿದೆಯಾ? ಬುಡ ಕೆಂಪಾಗಿದೆಯಾ, ಕೀವು ಅಥವಾ ಕಂದು ಜಿಡ್ಡು ಇದೆಯಾ? ಬೆರಳ ಸಂದಿಯಲ್ಲಿ ಗಾಯ, ಮುಳ್ಳು, ಉಣ್ಣೆ, ಅಂಟು ಇದೆಯಾ?

5. ಹೆಬ್ಬೆರಳು ಎರಡನ್ನೂ ಮರೆಯಬೇಡಿ. ಕೂದಲು ಸರಿಸಿ ನೋಡಿ.

6. ಮೂಸಿ ನೋಡಿ. ತಮಾಷೆ ಅಲ್ಲ. ಕೀವಿನ ವಾಸನೆ ಕಣ್ಣಿಗಿಂತ ಮೊದಲು ಮೂಗಿಗೆ ಬರುತ್ತೆ.

ಒಂದೇ ಸಲ 18 ನೋಡಲೇಬೇಕು ಅಂತ ಇಲ್ಲ. ಬೆಕ್ಕು ಬಾಲ ಬೀಸೋಕೆ ಶುರು ಮಾಡಿದರೆ, ಕಿವಿ ಹಿಂದಕ್ಕೆ ಮಡಚಿದರೆ ಬಿಟ್ಟುಬಿಡಿ. ಇವತ್ತು ಮುಂಗಾಲು, ನಾಳೆ ಹಿಂಗಾಲು. ಮುಗಿದ ಮೇಲೆ ಒಂದು ಚೂರು ಮೀನೋ, ಮೊಸರನ್ನವೋ, ಅದಕ್ಕೆ ಇಷ್ಟವಾದದ್ದು ಕೊಡಿ. ಕುತ್ತಿಗೆ ಹಿಂದಿನ ಚರ್ಮ ಹಿಡಿದು ನೇತಾಡಿಸುವುದು ಬೇಡ. ಅದರಿಂದ ಬೆಕ್ಕು ಹೆದರುತ್ತೆ, ಮುಂದಿನ ಸಲ ಕೈಗೇ ಸಿಗುವುದಿಲ್ಲ. ಹೆಚ್ಚು ಒದ್ದಾಡುವ ಬೆಕ್ಕನ್ನ ದಪ್ಪ ಟವೆಲಿನಲ್ಲಿ ಸುತ್ತಿ ಒಂದೊಂದೇ ಕಾಲು ಹೊರಗೆ ತೆಗೆದು ನೋಡಬಹುದು.

ಯಾವುದು ಸಹಜ? ಯಾವುದು ತೊಂದರೆ?

ಕಂಬದ ಬುಡದಲ್ಲಿ ಅರ್ಧಚಂದ್ರದ ಆಕಾರದ ಟೊಳ್ಳು ಸಿಪ್ಪೆ ಬಿದ್ದಿರುತ್ತೆ. “ಅಯ್ಯೋ ಉಗುರೇ ಕಿತ್ತು ಬಂದಿದೆ” ಅಂತ ಗಾಬರಿ ಬೇಡ, ಅದು ಕಳಚಿದ ಹಳೇ ಪದರ. ಉಗುರಿನ ಮೇಲೆ ಅರ್ಧ ಬಿಟ್ಟ ಪದರ ಕಂಡರೆ ಎಳೆಯಬೇಡಿ, ತಾನೇ ಬೀಳುತ್ತೆ.

ತುದಿ ಮುರಿದು ರಕ್ತ ಇಲ್ಲದಿದ್ದರೆ ತೊಂದರೆ ಇಲ್ಲ. ಬುಡದಿಂದ ಸೀಳಿ ಗುಲಾಬಿ ಭಾಗ ಹೊರಗೆ ಕಾಣ್ತಿದ್ದರೆ ವಿಪರೀತ ನೋವಿರುತ್ತೆ, ಸೋಂಕು ಆಗುತ್ತೆ. ಅದು ಡಾಕ್ಟರ ಕೆಲಸ.

ಉಗುರು ಸುತ್ತಿ ಮೆತ್ತೆಗೆ ಬರೀ ತಾಗ್ತಿದ್ದರೆ ನೀವೇ ತುದಿ ಕತ್ತರಿಸಬಹುದು. ಒಳಗೆ ಹೊಕ್ಕಿದ್ದರೆ ಮನೆಯಲ್ಲಿ ಎಳೆಯಬೇಡಿ. ಕತ್ತರಿಸಿದ ಚೂರು ಒಳಗೇ ಉಳಿಯಬಹುದು, ಆಳದಲ್ಲಿ ಕೀವು ಇರಬಹುದು, ನೋವಿಗೆ ಬೆಕ್ಕು ನಿಮ್ಮ ಕೈ ಸೀಳಬಹುದು.

ನಮ್ಮ ಕಡೆಯ ಒಂದೆರಡು ವಿಶೇಷ ತೊಂದರೆಗಳಿವೆ. ಹಲಸಿನ ಮೇಣ ಮೆತ್ತಿಕೊಂಡು ಬೆರಳುಗಳು ಅಂಟಿಹೋಗುತ್ತವೆ. ಇಲಿಗೆ ಇಟ್ಟ ಅಂಟಿನ ಹಲಗೆ ಮೇಲೆ ಬೆಕ್ಕೇ ಕಾಲಿಟ್ಟ ಉದಾಹರಣೆಯೂ ಇದೆ. ಸೀಮೆಎಣ್ಣೆ, ಥಿನ್ನರ್ ಹಚ್ಚಬೇಡಿ. ಚರ್ಮ ಸುಡುತ್ತೆ, ನೆಕ್ಕಿದರೆ ವಿಷ. ಕೊಬ್ಬರಿ ಎಣ್ಣೆ ಅಥವಾ ಅಡುಗೆ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಒರೆಸಿ. ಎರಡು ಮೂರು ಸಲ ಮಾಡಿದರೆ ಬಿಡುತ್ತೆ.

ಒಂದು ಉಗುರೋ, ಹಲವು ಉಗುರೋ?

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನ ಇಟ್ಟುಕೊಳ್ಳಿ.

ಮೆಣಸಿನ ಬಳ್ಳಿಯಲ್ಲಿ ಒಂದು ಎಲೆಗೆ ಚುಕ್ಕೆ ಬಿದ್ದರೆ ಆ ಎಲೆ ನೋಡುತ್ತೇವೆ. ಇಡೀ ಬಳ್ಳಿ ಹಳದಿಯಾದರೆ ಎಲೆ ನೋಡುತ್ತಾ ಕೂರುವುದಿಲ್ಲ, ಬುಡ ಅಗೆದು ಬೇರು ನೋಡುತ್ತೇವೆ. ಬೆಕ್ಕಿನ ಉಗುರಿಗೂ ಇದೇ ಲೆಕ್ಕ. ಒಂದು ಉಗುರು ಮಾತ್ರ ಕೆಟ್ಟಿದ್ದರೆ ಹೆಚ್ಚಾಗಿ ಕಾರಣ ಅಲ್ಲೇ ಇರುತ್ತೆ: ಪೆಟ್ಟು, ಮುಳ್ಳು, ಜಗಳದಲ್ಲಿ ಕಚ್ಚಿದ ಗಾಯ, ಒಳಗೆ ಬೆಳೆದ ಉಗುರು. ಹಲವು ಕಾಲಿನ ಹಲವು ಉಗುರು ಒಟ್ಟಿಗೆ ಕೆಟ್ಟರೆ ಕಾರಣ ಮೈಯೊಳಗೆ ಇರುವ ಸಾಧ್ಯತೆ ಹೆಚ್ಚು. ಆಗ ಇಡೀ ಬೆಕ್ಕನ್ನ ಪರೀಕ್ಷೆ ಮಾಡಿಸಬೇಕು.

ಹಲವು ಉಗುರು ಕೆಡುವುದಕ್ಕೆ ಡಾಕ್ಟರು ಹುಡುಕುವ ಕಾರಣಗಳು ಇವು:

ಹುಳುಕಡ್ಡಿ: ಇದು ಶಿಲೀಂಧ್ರ ರೋಗ, ಮರಿಗಳಲ್ಲಿ ಹೆಚ್ಚು. ಮುಖ, ಕಿವಿ, ಕಾಲಿನಲ್ಲಿ ದುಂಡಗೆ ಕೂದಲು ಉದುರಿ ಹೊಟ್ಟು ಬರುತ್ತೆ, ಉಗುರು ಒರಟಾಗಿ ಪುಡಿಯಾಗುತ್ತೆ. ಮನುಷ್ಯರಿಗೂ ಅಂಟುತ್ತೆ. ಮನೆಯ ಮಕ್ಕಳ ಕೈಯಲ್ಲಿ ತುರಿಕೆಯ ದುಂಡು ಕಲೆ ಇದೆಯಾ ನೋಡಿ.

ಯೀಸ್ಟ್ ಸೋಂಕು: ಉಗುರಿನ ಬುಡದಲ್ಲಿ ಕಂದು ಬಣ್ಣದ ಜಿಡ್ಡು ಕೂರುತ್ತೆ. ಅಲರ್ಜಿ ಇರುವ ಬೆಕ್ಕಿಗೆ ಬರುವುದುಂಟು.

ರೋಗನಿರೋಧಕ ಶಕ್ತಿ ತನ್ನ ಚರ್ಮದ ಮೇಲೇ ತಿರುಗಿಬೀಳುವ ಕಾಯಿಲೆ: ಪೆಂಫಿಗಸ್ ಅಂತ ಹೆಸರು. ಉಗುರಿನ ಬುಡದಲ್ಲಿ ಗಟ್ಟಿ ಮೊಸರಿನಂಥ ಕೀವು, ಜೊತೆಗೆ ಕಿವಿ, ಮೂಗಿನ ಮೇಲೆ ಹಕ್ಕಳೆ ಕಾಣಿಸುತ್ತೆ. ಬರೀ ಆ್ಯಂಟಿಬಯಾಟಿಕ್‌ನಿಂದ ವಾಸಿಯಾಗುವುದಿಲ್ಲ, ಬೇರೆ ಚಿಕಿತ್ಸೆ ಬೇಕು.

ಸಕ್ಕರೆ ಕಾಯಿಲೆ, ಥೈರಾಯ್ಡ್ ಹೆಚ್ಚಾಗುವುದು, ಬೆಕ್ಕಿನ ವೈರಸ್ ರೋಗಗಳು: ತುಂಬಾ ನೀರು ಕುಡಿಯುವುದು, ಚೆನ್ನಾಗಿ ತಿಂದರೂ ಸೊರಗುವುದು, ಗಾಯ ಬೇಗ ಮಾಯದಿರುವುದು ಇದರ ಸೂಚನೆ. ಥೈರಾಯ್ಡ್ ಹೆಚ್ಚಾದ ಮುದಿ ಬೆಕ್ಕಿನ ಉಗುರು ದಪ್ಪವಾಗಿ ಬೇಗ ಬೇಗ ಬೆಳೆಯುವುದುಂಟು.

ಕೊನೆಯದ್ದು ಹೇಳಲಿಕ್ಕೆ ಬೇಜಾರಾಗುತ್ತೆ, ಆದ್ರೆ ಗೊತ್ತಿರಲಿ. ವಯಸ್ಸಾದ ಬೆಕ್ಕಿನ ಬೇರೆ ಬೇರೆ ಕಾಲಿನ ಬೆರಳುಗಳು ಊದಿಕೊಂಡು, ಉಗುರು ಓರೆಯಾಗಿ, ಯಾವ ಔಷಧಕ್ಕೂ ಬಗ್ಗದಿದ್ದರೆ ಶ್ವಾಸಕೋಶದ ಕ್ಯಾನ್ಸರ್ ಬೆರಳಿಗೆ ಹರಡಿರಬಹುದು. ಕೆಮ್ಮು ಇಲ್ಲದೆಯೂ ಮೊದಲ ಸೂಚನೆ ಕಾಲಿನಲ್ಲೇ ಕಾಣುವುದು ಈ ರೋಗದ ವಿಚಿತ್ರ. ಒಂದೇ ಬೆರಳಾದರೂ ಎರಡು ಮೂರು ವಾರದ ಚಿಕಿತ್ಸೆಯ ನಂತರವೂ ಊತ ಇಳಿಯದಿದ್ದರೆ ಎಕ್ಸ್‌ರೇ ಮಾಡಿಸಿ. ಬೆರಳಿನಲ್ಲೇ ಗಡ್ಡೆ ಹುಟ್ಟುವುದೂ ಇದೆ.

ಕತ್ತರಿಸುವುದು ಯಾರಿಗೆ? ಹೇಗೆ?

ತೋಟ ಸುತ್ತುವ ಗಟ್ಟಿಮುಟ್ಟಾದ ಬೆಕ್ಕಿನ ಉಗುರು ಕತ್ತರಿಸಬೇಡಿ. ನಾಯಿ ಅಟ್ಟಿಸಿಕೊಂಡು ಬಂದರೆ ಅದು ಅಡಿಕೆ ಮರ ಹತ್ತುವುದು ಅದೇ ಉಗುರಿನಿಂದ. ಮುದಿ ಬೆಕ್ಕು, ಕಾಯಿಲೆ ಬಿದ್ದದ್ದು, ಮನೆಯೊಳಗೇ ಇರುವ ಬೆಕ್ಕು, ಇವಕ್ಕೆ ಮಾತ್ರ ಕತ್ತರಿಸಿದರೆ ಸಾಕು. ಹೊರಗಿನ ಬೆಕ್ಕಿನಲ್ಲಿ ಹೆಬ್ಬೆರಳಿನ ಉಗುರು ಸುತ್ತುತ್ತಿದ್ದರೆ ಅದೊಂದನ್ನ ತುದಿ ತೆಗೆಯಿರಿ.

ಬೆಕ್ಕಿಗೆ ಅಂತಲೇ ಸಿಗುವ ಸಣ್ಣ ಕತ್ತರಿ ಇದೆ. ಹರಿತವಾದ ನೇಲ್ ಕಟರ್ ಕೂಡ ಆಗುತ್ತೆ. ಮೊಂಡಾಗಿದ್ದರೆ ಉಗುರು ಜಜ್ಜಿ ಸೀಳುತ್ತೆ. ಗಿಡ ಸವರುವ ಕತ್ತರಿ ದಯವಿಟ್ಟು ಬೇಡ! ಆದ್ರೆ ಗಿಡ ಸವರುವಾಗಿನ ನಿಯಮ ಇಲ್ಲೂ ಒಂದೇ. ಮೊಗ್ಗಿಗೆ ತಾಗುವ ಹಾಗೆ ಕತ್ತರಿಸುವುದಿಲ್ಲ ಅಲ್ವಾ, ಸ್ವಲ್ಪ ಮೇಲೆ ಬಿಡುತ್ತೇವೆ. ಹಾಗೇ ಜೀವದ ಭಾಗದಿಂದ ಕನಿಷ್ಠ 2 ಮಿಲಿಮೀಟರ್ ಮುಂದೆ, ಕೊಕ್ಕೆಯ ತುದಿ ಮಾತ್ರ.

ಬೆಳಕಿಗೆ ಎದುರಾಗಿ ಹಿಡಿದರೆ ಗುಲಾಬಿ ಭಾಗ ಚೆನ್ನಾಗಿ ಕಾಣುತ್ತೆ. ಉಗುರು ಕಪ್ಪಾಗಿದ್ದರೆ, ದಪ್ಪವಾಗಿ ಒಳಗಿನದು ಕಾಣದಿದ್ದರೆ ಅಕ್ಕಿಕಾಳಿನ ಮೂಗಿನಷ್ಟು ಚೂರು ಚೂರೇ ತೆಗೆಯಿರಿ. ಒಂದೇ ಏಟಿಗೆ ಅಳತೆಗೆ ತರಬೇಕು ಅನ್ನುವ ಹಠ ಬೇಡ. ಮುದಿ ಬೆಕ್ಕಿಗೆ ಹದಿನೈದು ದಿನ, ತಿಂಗಳಿಗೊಮ್ಮೆ ಹೀಗೆ ಮಾಡ್ತಾ ಬಂದರೆ ಸಾಕು.

ಪೇಟೆಯಲ್ಲಿ ಕೆಲವರು ಸೋಫಾ ಹಾಳಾಗುತ್ತೆ ಅಂತ ಉಗುರನ್ನ ಶಾಶ್ವತವಾಗಿ ತೆಗೆಸುವ ಮಾತಾಡ್ತಾರೆ. ಅದು ಬರೀ ಉಗುರು ತೆಗೆಯುವುದಲ್ಲ, ಬೆರಳಿನ ತುದಿಯ ಮೂಳೆಯನ್ನೇ ಕತ್ತರಿಸುವುದು. 2019 ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯ ಇದನ್ನು ನಿಷೇಧಿಸಿತು. ನಾವು ಆ ದಾರಿಗೆ ಹೋಗುವುದೇ ಬೇಡ.

ರಕ್ತ ಬಂದರೆ

ಜೀವದ ಭಾಗಕ್ಕೆ ತಾಗಿದರೆ ರಕ್ತ ಬರುತ್ತೆ. ನೋಡಲಿಕ್ಕೆ ಭಯವಾದರೂ ಜೀವಕ್ಕೆ ಅಪಾಯ ಇಲ್ಲ. ಶುದ್ಧ ಹತ್ತಿ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಿರಿ. ನಡುವೆ ನಡುವೆ ತೆಗೆದು ನೋಡಬೇಡಿ. ಅಡುಗೆಮನೆಯ ಕಾರ್ನ್‌ಫ್ಲೋರ್ ಇದ್ದರೆ ಸ್ವಲ್ಪ ತೆಗೆದು ಉಗುರಿನ ತುದಿಗೆ ಒತ್ತಿ. ಅರ್ಧ ಗಂಟೆ ಮಣ್ಣಿಗೆ ಬಿಡಬೇಡಿ. ಹತ್ತು ಹದಿನೈದು ನಿಮಿಷವಾದರೂ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

ಮಲೆನಾಡಿನಲ್ಲಿ ನಾವು ಕೈ ಕೊಯ್ದುಕೊಂಡರೆ ಕಾಫಿ ಪುಡಿ ಒತ್ತುತ್ತೇವೆ. ಕೆಲವರು ನಶ್ಯ, ಸುಣ್ಣ ಹಾಕುತ್ತಾರೆ. ಬೆಕ್ಕಿಗೆ ಯಾವುದೂ ಬೇಡ. ಬೆಕ್ಕು ಗಾಯ ನೆಕ್ಕುತ್ತೆ, ನೀವು ಹಚ್ಚಿದ್ದು ಹೊಟ್ಟೆಗೇ ಹೋಗುತ್ತೆ. ಕಾಫಿಯ ಕೆಫೀನ್, ನಶ್ಯದ ನಿಕೋಟಿನ್ ಎರಡೂ ಅದಕ್ಕೆ ವಿಷ. ಸುಣ್ಣ ಬಾಯಿ ಸುಡುತ್ತೆ.

ಕೊಡಬಾರದ್ದು, ಹಚ್ಚಬಾರದ್ದು

ಪ್ಯಾರಾಸಿಟಮಾಲ್ ಬೆಕ್ಕಿಗೆ ಬೇಡವೇ ಬೇಡ. ಅದನ್ನು ಸುರಕ್ಷಿತವಾಗಿ ಪರಿವರ್ತಿಸಿ ಹೊರಹಾಕುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ಸರಿಯಾಗಿ ಇಲ್ಲ. ವಿಷ ರಕ್ತಕ್ಕೆ ಸೇರಿ, ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತೆ. ಒಸಡು ಕಂದು ಅಥವಾ ನೀಲಿಯಾಗುತ್ತೆ, ಮುಖ, ಪಾದ ಊದುತ್ತೆ, ಏದುಸಿರು ಬರುತ್ತೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಗೊತ್ತಿಲ್ಲದೆ ಕೊಟ್ಟಿದ್ದರೆ ಲಕ್ಷಣ ಬರಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ, ಮಾತ್ರೆ ಕೊಟ್ಟಿದ್ದನ್ನ ಮುಚ್ಚಿಡದೆ ಹೇಳಿ. ಅದಕ್ಕೆ ಪ್ರತಿಔಷಧ ಇದೆ, ಬೇಗ ಹೋದರೆ ಉಪಯೋಗ. ನಾವು ತಿನ್ನುವ ಐಬುಪ್ರೊಫೆನ್, ಡೈಕ್ಲೋಫಿನಾಕ್ ಕೂಡ ಬೇಡ.

ಫಿನೈಲ್, ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಡಿಸಿನ್‌ಫೆಕ್ಟೆಂಟ್ ಯಾವುದನ್ನೂ ಗಾಯಕ್ಕೆ ಹಾಕಬೇಡಿ. ದನಗಳ ಉಣ್ಣೆಗೆ ಹೊಡೆಯುವ ಔಷಧ, ನಾಯಿಯ ಬೆನ್ನಿಗೆ ಬಿಡುವ ಪರ್ಮೆಥ್ರಿನ್ ಹನಿ ಬೆಕ್ಕಿಗೆ ಹಾಕಿದರೆ ನಡುಕ, ಫಿಟ್ಸ್ ಬಂದು ಸಾಯಬಹುದು.

ನಾವು ಸಾವಯವದವರು ಇಲ್ಲಿ ಒಂದು ತಪ್ಪು ಮಾಡುತ್ತೇವೆ, ಗಿಡದಿಂದ ಬಂದದ್ದೆಲ್ಲ ಸುರಕ್ಷಿತ ಅಂದುಕೊಳ್ಳುತ್ತೇವೆ. ನೀಲಗಿರಿ ಎಣ್ಣೆ, ಲವಂಗದ ಎಣ್ಣೆ, ಟೀ ಟ್ರೀ ಎಣ್ಣೆ, ಕರ್ಪೂರ ಇವೆಲ್ಲ ಬೆಕ್ಕಿಗೆ ವಿಷವೇ.

ಹಾಗಾದ್ರೆ ಏನು ಮಾಡಬಹುದು? ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ, ಅಂದ್ರೆ ಹೆಚ್ಚುಕಡಿಮೆ ಒಂದೂವರೆ ಟೀ ಚಮಚ ಉಪ್ಪು ಹಾಕಿ, ಉಗುರುಬೆಚ್ಚಗೆ ಇರುವಾಗ ಆ ನೀರಲ್ಲಿ ಪಾದ ತೊಳೆಯಿರಿ. ಸ್ವಚ್ಛ ಬಟ್ಟೆಯಲ್ಲಿ ಬೆರಳ ಸಂದಿ ಒರೆಸಿ ಒಣಗಿಸಿ. ಡಾಕ್ಟರ ಹತ್ತಿರ ಹೋಗುವವರೆಗೆ ಅಷ್ಟು ಸಾಕು.

ನಿಮ್ಮ ಕೈಗೆ ಪರಚಿದರೆ, ಕಚ್ಚಿದರೆ

ಇದನ್ನ ಹಗುರವಾಗಿ ತಗೊಳ್ಳಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಖಾರದ ಪುಡಿ, ಸುಣ್ಣ ಮೆತ್ತಬೇಡಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ. ರೇಬೀಸ್ ಬರುವುದು ನಾಯಿಯಿಂದ ಮಾತ್ರ ಅಲ್ಲ, ಬೆಕ್ಕಿನಿಂದಲೂ ಬರುತ್ತೆ. ಲಕ್ಷಣ ಬಂದ ಮೇಲೆ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಬೆಕ್ಕಿನ ಹಲ್ಲು ಸೂಜಿಯ ಹಾಗೆ ಆಳಕ್ಕೆ ಇಳಿಯುವುದರಿಂದ ಕಚ್ಚಿದ ಗಾಯ ಹೊರಗೆ ಸಣ್ಣದಾಗಿ ಕಂಡರೂ ಒಳಗೆ ಬೇಗ ಕೀವಾಗುತ್ತೆ. ಪರಚಿದ ಒಂದೆರಡು ವಾರಕ್ಕೆ ಕಂಕುಳಲ್ಲಿ ಗಂಟು, ಜ್ವರ ಬಂದರೆ ಬೆಕ್ಕು ಪರಚಿದ್ದನ್ನ ಡಾಕ್ಟರಿಗೆ ತಪ್ಪದೆ ಹೇಳಿ. ಚಿಗಟದಿಂದ ಬೆಕ್ಕಿಗೆ, ಬೆಕ್ಕಿನ ಉಗುರಿನಿಂದ ನಮಗೆ ದಾಟುವ ಒಂದು ಬ್ಯಾಕ್ಟೀರಿಯಾ ಇದೆ. ಚಿಗಟ ಹತೋಟಿ ಮಾಡುವುದು ನಮ್ಮ ಆರೋಗ್ಯಕ್ಕೂ ಒಳ್ಳೆಯದು.

ಬೆಕ್ಕಿಗೆ ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ ಹಾಕಿಸಿ, ಡಾಕ್ಟರು ಹೇಳಿದ ಹಾಗೆ ಪ್ರತಿ ವರ್ಷ ಮುಂದುವರಿಸಿ. ಲಸಿಕೆ ಹಾಕಿಸಿದ ಬೆಕ್ಕೇ ಪರಚಿದರೂ ಆಸ್ಪತ್ರೆಗೆ ಹೋಗುವುದನ್ನ ಬಿಡಬೇಡಿ.

ಖರ್ಚಿಲ್ಲದ ಮುನ್ನೆಚ್ಚರಿಕೆ

ಬೆಕ್ಕಿಗೆ ಪರಚಲು ಒಂದು ಜಾಗ ಕೊಡಿ. ಮೂರು ಅಡಿ ಎತ್ತರದ ಸಿಲ್ವರ್ ಓಕ್ ತುಂಡಿಗೆ ತೆಂಗಿನ ನಾರಿನ ಹಗ್ಗ ಸುತ್ತಿ, ಅಲುಗಾಡದ ಹಾಗೆ ನಿಲ್ಲಿಸಿದರೆ ಆಯಿತು. ಮೈ ಪೂರ್ತಿ ಚಾಚುವಷ್ಟು ಎತ್ತರ ಇರಲಿ. ಅದು ಮಲಗುವ ಜಾಗದ ಹತ್ತಿರವೇ ಇಡಿ, ಎದ್ದ ಕೂಡಲೇ ಮೈ ಮುರಿದು ಪರಚುವುದು ಬೆಕ್ಕಿನ ಅಭ್ಯಾಸ. ಮುದಿ ಬೆಕ್ಕಿಗೆ ಎದ್ದು ನಿಲ್ಲಲಿಕ್ಕೆ ಕಷ್ಟ, ಅದಕ್ಕೆ ಹಲಗೆಗೆ ಗೋಣಿ ಬಿಗಿದು ನೆಲದ ಮೇಲೇ ಹಾಕಿ. ಮಳೆಗಾಲದಲ್ಲಿ ಒಳಗೆ ಬಂದ ತಕ್ಷಣ ಬೆರಳ ಸಂದಿಯ ಕೆಸರು ಒರೆಸಿ. ಮರಿ ಇದ್ದಾಗಲೇ ದಿನಾ ಒಂದು ಸಲ ಪಾದ ಮುಟ್ಟಿ ಅಭ್ಯಾಸ ಮಾಡಿಸಿದರೆ ದೊಡ್ಡದಾದ ಮೇಲೆ ಇಬ್ಬರಿಗೂ ಕಷ್ಟ ಇಲ್ಲ.

ಚುಕ್ಕಿ ಈಗ

ಅವತ್ತೇ ತಾಲೂಕು ಪಶು ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಉಗುರು ಕತ್ತರಿಸಿ, ಒಳಗೆ ಹೊಕ್ಕಿದ್ದ ತುಂಡು ತೆಗೆದು, ತೊಳೆದು, ಆ್ಯಂಟಿಬಯಾಟಿಕ್ ಮತ್ತು ಬೆಕ್ಕಿಗೆ ಹೊಂದುವ ನೋವಿನ ಔಷಧ ಕೊಟ್ಟರು. ನೆಕ್ಕದ ಹಾಗೆ ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್ ಹಾಕಿದ್ದಕ್ಕೆ ಚುಕ್ಕಿ ನಮ್ಮ ಮೇಲೆ ಸಿಟ್ಟಾಗಿ ಎರಡು ದಿನ ಮುಖ ತಿರುಗಿಸಿ ಕೂತಿತ್ತು. ಹತ್ತು ಹನ್ನೆರಡು ದಿನಕ್ಕೆ ಗಾಯ ಮಾಯಿತು.

ಅಟ್ಟ ಹತ್ತುವುದು ಪೂರ್ತಿ ಮೊದಲಿನಂತೆ ಆಗಿಲ್ಲ, ಕೀಲು ನೋವಿದೆ. ಏಣಿಯ ಪಕ್ಕ ಎರಡು ಪೆಟ್ಟಿಗೆ ಇಟ್ಟಿದ್ದೇನೆ, ಮೆಟ್ಟಿಲು ಮಾಡಿಕೊಂಡು ಹತ್ತುತ್ತೆ. ಹೋದ ವಾರ ಒಂದು ಇಲಿ ತಂದು ಅಮ್ಮನ ಹಾಸಿಗೆ ಹತ್ತಿರ ಇಟ್ಟಿತ್ತು. ಬೈಯುತ್ತಲೇ ಅಮ್ಮ ಅದಕ್ಕೆ ಹಾಲು ಹಾಕಿದರು.

ಈಗ ತಿಂಗಳಲ್ಲಿ ಎರಡು ಭಾನುವಾರ ಮಧ್ಯಾಹ್ನ, ಊಟ ಆದ ಮೇಲೆ, ಬಾಚಣಿಗೆ, ಟಾರ್ಚ್, ನೇಲ್ ಕಟರ್ ಹಿಡಿದು ಜಗಲಿಯಲ್ಲಿ ಕೂರುತ್ತೇನೆ. ಹತ್ತು ನಿಮಿಷದ ಕೆಲಸ. ನಿಮ್ಮ ಮನೆಯಲ್ಲೂ ಹತ್ತು ವರ್ಷ ದಾಟಿದ ಬೆಕ್ಕು ಇದ್ದರೆ ಇವತ್ತೇ ಅದರ ಹೆಬ್ಬೆರಳು ನೋಡಿ. ರಾತ್ರಿ ಎಲ್ಲ ಮಲಗಿದ ಮೇಲೆ ಒಮ್ಮೆ ಕಿವಿಗೊಡಿ. ‘ಟಿಕ್ ಟಿಕ್’ ಕೇಳಿದರೆ ನನ್ನ ಹಾಗೆ ಮತ್ತೆ ಹೊದ್ದುಕೊಂಡು ಮಲಗಬೇಡಿ.

ಮುಂದಿನ ವಾರ ಮತ್ತೆ ತೋಟದ ವಿಷಯದೊಂದಿಗೆ ಸಿಗೋಣ.